ಕಹಿಗೆ ಎಷ್ಟು ಅಂಕ

ಕಾಫಿಯನ್ನೆಲ್ಲ ಮಂಡಳಿಗೇ ಒಪ್ಪಿಸಬೇಕಿದ್ದ ಪೂಲ್ ಕಾಲದ ಕೊಡಗನ್ನು ಕಂಡ ನಮ್ಮ ಓರಗೆಯವರ ನೆನಪಿನಲ್ಲಿ ಬಿಯರಿಗೆ ಇರುವುದು ಒಂದೇ ರುಚಿ. ಅಂಗಡಿಯವನು ಕೇಳುತ್ತಿದ್ದುದು ಎರಡೇ ಮಾತು: ಸ್ಟ್ರಾಂಗೋ ಲೈಟೋ, ಕೂಲಿಂಗ್ ಇರುವುದು ಬೇಕೋ ಬೇಡವೋ. 650 ಮಿಲಿಲೀಟರಿನ ಬಾಟಲಿಯೊಳಗೆ ಏನಿದೆ, ಅದನ್ನು ಯಾವಾಗ ತುಂಬಿದ್ದು ಎಂದು ವಿಚಾರಿಸಬೇಕೆಂಬುದು ಯಾರಿಗೂ ಹೊಳೆದಿರಲಿಲ್ಲ. ಮದುವೆಮನೆಯಲ್ಲಾಗಲಿ ಹುತ್ತರಿಯಲ್ಲಾಗಲಿ ಬಿಯರ್ ಎಂದರೆ ಬ್ರಾಂದಿ ಒಲ್ಲದವರ ಪಾನೀಯ, ಅಷ್ಟೆ. ಈಗ ಅಂಗಡಿಗಳ ಫ್ರಿಜ್ಜಿನಲ್ಲೂ ರೆಸಾರ್ಟುಗಳ ಪಟ್ಟಿಯಲ್ಲೂ ಐಪಿಎ (ಇಂಡಿಯಾ ಪೇಲ್ ಏಲ್) ಎಂಬ ಮೂರಕ್ಷರ ಕಾಣಿಸಿಕೊಂಡಿದೆ. ಕುಡಿದವರು ಮೊಬೈಲಿನಲ್ಲಿ ಐದಕ್ಕೆ ಎರಡೂವರೆ ನಕ್ಷತ್ರ ಒತ್ತಿ, ‘ಚೆನ್ನಾಗಿದೆ, ಆದರೆ ವಿಪರೀತ ಕಹಿ’ ಎಂದು ಷರಾ ಬರೆಯುತ್ತಾರೆ. ಆ ಎರಡೂವರೆ ನಕ್ಷತ್ರದ ಬಗ್ಗೆ ನನಗೆ ತಕರಾರಿದೆ. ಅದರಿಂದ ಕುಡಿದವನ ಇಷ್ಟಾನಿಷ್ಟ ತಿಳಿಯುತ್ತದೆ, ಬಿಯರಿನ ವಿಚಾರ ಏನೂ ತಿಳಿಯುವುದಿಲ್ಲ. ಅಂಕ ಕೊಡುವವನು ಗುಣವನ್ನೋ ದೋಷವನ್ನೋ ಅದರ ಕಾರಣದ ತನಕ ಬೆನ್ನಟ್ಟಿ ಹೋಗಬೇಕು. ಬೇರೆ ಊರುಗಳಿಗೆ ಇದು ಹೊಸ ಪಾಠವಿರಬಹುದು, ಕೊಡಗಿಗಲ್ಲ. ಕಾಫಿಯ ವಿಷಯದಲ್ಲಿ ನಾವು ಇದನ್ನು ನಷ್ಟ ಮಾಡಿಕೊಂಡೇ ಕಲಿತವರು.

ಮೊದಲು ಬಿಯರಿಗೆ ಕಹಿ ಕೊಡುವ ಹಾಪ್ ಏನೆಂಬುದನ್ನು ನೋಡೋಣ. ಅದೊಂದು ಬಳ್ಳಿ, ಗಾಂಜಾ ಗಿಡದ ಕುಟುಂಬಕ್ಕೆ ಸೇರಿದ್ದು. ಹೆಣ್ಣು ಬಳ್ಳಿಯಲ್ಲಿ ಬಿಡುವ ಹಸಿರು ಹೂವನ್ನು ಬಿಡಿಸಿದರೆ ಎಸಳುಗಳ ಬುಡದಲ್ಲಿ ಹಳದಿ ಪುಡಿ ಅಂಟಿಕೊಂಡಿರುತ್ತದೆ. ಬೆರಳಿಗೆ ಹತ್ತಿದರೆ ಜಿಗುಟು, ಉಜ್ಜಿದರೆ ಘಮ್ಮನೆ ವಾಸನೆ. ಬಿಯರಿನ ಕಹಿಗೂ ಪರಿಮಳಕ್ಕೂ ಮೂಲ ಈ ಪುಡಿಯೇ, ಆದರೆ ಎರಡೂ ಇಳಿಯುವ ದಾರಿ ಬೇರೆ ಬೇರೆ. ಪುಡಿಯಲ್ಲಿರುವ ಆಲ್ಫಾ ಆಮ್ಲಗಳು ಹಸಿಯಾಗಿದ್ದಾಗ ನೀರಿನಲ್ಲಿ ಅಷ್ಟಾಗಿ ಕರಗುವುದಿಲ್ಲ. ಮಾಲ್ಟಿನ ಕಷಾಯದಲ್ಲಿ ಒಂದು ಗಂಟೆ ಕುದಿಸಿದಾಗ ಅವುಗಳ ಅಣುರಚನೆ ಬದಲಾಗಿ ಕಹಿ ಹುಟ್ಟುತ್ತದೆ. ಪರಿಮಳದ ತೈಲಗಳ ಸ್ವಭಾವ ಇದಕ್ಕೆ ತದ್ವಿರುದ್ಧ, ಕುದಿಸಿದಷ್ಟೂ ಹಬೆಯ ಜೊತೆ ಹಾರಿಹೋಗುತ್ತವೆ. ಹಾಗಾಗಿ ಪರಿಮಳಕ್ಕೆಂದು ಹಾಕುವ ಹಾಪನ್ನು ಉರಿ ಆರಿಸುವ ಹೊತ್ತಿಗೋ, ಬಿಯರ್ ಹುದುಗಿ ತಣಿದ ಮೇಲೋ ಸೇರಿಸುತ್ತಾರೆ. ಕಹಿಯನ್ನು ಅಳೆಯಲು ಐಬಿಯು ಎಂಬ ಮಾನವಿದೆ. ನಮ್ಮಲ್ಲಿ ಎಲ್ಲೆಡೆ ಸಿಗುವ ಲಾಗರ್ ಬಿಯರುಗಳು ಸಾಮಾನ್ಯವಾಗಿ 20ರ ಕೆಳಗೇ ನಿಲ್ಲುತ್ತವೆ, ಅಮೆರಿಕನ್ ಶೈಲಿಯ ಐಪಿಎಗೆ ಬಿಯರ್ ತೀರ್ಪುಗಾರರ ಕೈಪಿಡಿ ಎಳೆದಿರುವ ಗೆರೆ 40ರಿಂದ 70. ಕಾಫಿಯ ಕಹಿಯೂ ಬಹುಪಾಲು ಬೆಂಕಿಯಲ್ಲೇ ಹುಟ್ಟುವುದು. ಹಸಿ ಬೀಜದ ಕ್ಲೋರೋಜೆನಿಕ್ ಆಮ್ಲಗಳು ಹುರಿಯುವಾಗ ರೂಪ ಬದಲಿಸಿ ಹಿತವಾದ ಕಹಿಯಾಗುತ್ತವೆ, ಹುರಿಯುವುದು ಇನ್ನೂ ಮುಂದುವರಿದರೆ ಒರಟು ಕಹಿಯಾಗುತ್ತವೆ. ಕೆಫೀನಿನ ಪಾಲು ಜನ ತಿಳಿದಷ್ಟಿಲ್ಲ. ಎಂದ ಮೇಲೆ ಯಾವುದೇ ಕಹಿಯಲ್ಲಿ ಗಿಡದ ಪಾಲೆಷ್ಟು, ಒಲೆಯ ಪಾಲೆಷ್ಟು ಎಂದು ಬಿಡಿಸಿ ಕೇಳಬಹುದು. ‘ವಿಪರೀತ ಕಹಿ’ ಎಂಬ ಷರಾದಲ್ಲಿ ಆ ಪ್ರಶ್ನೆಗೆ ಜಾಗವೇ ಇಲ್ಲ.

ಕಹಿಯನ್ನು ಒಲ್ಲದ ನಾಲಿಗೆ ನಮ್ಮದಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡಬೇಕು. ಬೆಲ್ಲ ಹಾಕಿದ ಕರಿ ಕಾಫಿ, ಮಳೆಗಾಲದ ಕಣಿಲೆ, ಕಕ್ಕಡ ಹದಿನೆಂಟರ ಮದ್ದುಸೊಪ್ಪಿನ ಪಾಯಸದ ಗಾಢ ವಾಸನೆ, ಇವೆಲ್ಲ ಕೊಡಗಿನ ಅಡುಗೆಮನೆಯಲ್ಲಿ ಮಾಮೂಲು. ಎಲ್ಲಕ್ಕಿಂತ ಹೆಚ್ಚಾಗಿ ಕೈಪುಳಿ ಇದೆ. ಈ ಕಹಿ ಕಿತ್ತಳೆಯ ಸಿಪ್ಪೆಗೆ ಉಗುರು ತಾಗಿಸಿದೊಡನೆ ಸಣ್ಣ ಹನಿಗಳು ಸಿಡಿದು ಮೂಗಿಗೆ ಅಡರುತ್ತವೆ. ಮೊದಲು ಹೂವಿನಂಥ ಕಂಪು, ಆಮೇಲೆ ಚುರುಕು, ಕೊನೆಗೆ ನಾಲಿಗೆಯ ಹಿಂಭಾಗದಲ್ಲಿ ನಿಧಾನವಾಗಿ ಏರುವ ಕಹಿ. ಅದರ ತಿರುಳಿಗೆ ಬೆಲ್ಲ, ಹಸಿಮೆಣಸು ಸೇರಿಸಿ ಒಗ್ಗರಣೆ ಕೊಟ್ಟು ಪಜ್ಜಿ ಮಾಡುವವರು ಕಹಿಯನ್ನು ತೆಗೆದುಹಾಕಲು ಹೋಗುವುದಿಲ್ಲ, ಅದಕ್ಕೆ ಎದುರಾಗಿ ಏನಿರಬೇಕು ಎಂಬುದನ್ನಷ್ಟೆ ನೋಡಿಕೊಳ್ಳುತ್ತಾರೆ. ಒಳ್ಳೆಯ ಐಪಿಎಯ ಲೆಕ್ಕಾಚಾರವೂ ಇದೇ. ಕ್ಯಾಸ್ಕೇಡ್, ಸೆಂಟೆನಿಯಲ್, ಸಿಟ್ರಾದಂಥ ಅಮೆರಿಕನ್ ಹಾಪ್ ತಳಿಗಳ ಪರಿಮಳವನ್ನು ವಿವರಿಸುವಾಗ ಅಲ್ಲಿನವರು ಗ್ರೇಪ್‌ಫ್ರೂಟ್ ಸಿಪ್ಪೆಯನ್ನೂ ಪೈನ್ ಮರದ ಅಂಟನ್ನೂ ನೆನೆಯುತ್ತಾರೆ. ಆ ಹಣ್ಣನ್ನು ಕಾಣದ ಕೊಡಗಿನವನಿಗೆ ಕೈಪುಳಿ ಸಾಕು. ಹಾಪ್ ತೈಲದಲ್ಲಿರುವ ಲಿನಲೂಲ್ ಕೊತ್ತಂಬರಿ ಬೀಜದ ಪರಿಮಳದ ಮುಖ್ಯ ಅಂಶ, ಮಿರ್ಸೀನ್ ಎಂಬುದು ಮಾವಿನ ಕೆಲವು ತಳಿಗಳಲ್ಲೂ ಇದೆ. ಪರಿಮಳ ಗುರುತಿಸಲು ಬೇಕಾದ ಸಾಮಾನೆಲ್ಲ ನಮ್ಮ ಅಡುಗೆಮನೆಯಲ್ಲೇ ಇರುವಾಗ ಕಮ್ಮಿ ಬಿದ್ದಿರುವುದು ನಾಲಿಗೆಯಲ್ಲ, ರುಚಿಯನ್ನು ಬಿಡಿಸಿ ನೋಡುವ ಅಭ್ಯಾಸ.

ಆ ಅಭ್ಯಾಸ ಏಕೆ ತಪ್ಪಿಹೋಗಿತ್ತು ಎಂದು ತಿಳಿಯಲು ಕಾಫಿಯ ಹಿಂದಿನ ಕಾಲಕ್ಕೆ ಹೋಗಬೇಕು. ಮಡಿಕೇರಿಯ ಬಳಿ ಫೌಲರ್ ಎಂಬ ಯುರೋಪಿಯನ್ ಪ್ಲಾಂಟರ್ 1854ರಲ್ಲಿ ತೋಟ ತೆರೆದ ಮೇಲೆ ಕಾಫಿ ಇಲ್ಲಿಂದ ಘಾಟಿ ಇಳಿದು ಮಂಗಳೂರಿಗೂ ತಲಶ್ಶೇರಿಗೂ ಹೋಗಿ, ಅಲ್ಲಿ ಕ್ಯೂರಿಂಗ್ ಆಗಿ ಹಡಗು ಹತ್ತುತ್ತಿತ್ತು. ಅದನ್ನು ಕುಡಿದು ನೋಡಿ ಬೆಲೆ ಕಟ್ಟುತ್ತಿದ್ದವರು ಲಂಡನ್ನಿನಲ್ಲಿದ್ದರು. ಎರಡನೆಯ ಮಹಾಯುದ್ಧದಲ್ಲಿ ಯುರೋಪಿನ ಮಾರುಕಟ್ಟೆ ಮುಚ್ಚಿದಾಗ ಪೂಲ್ ಪದ್ಧತಿ ಬಂದು, 1942ರ ಕಾನೂನಿನಿಂದ ನೆಲೆಯೂರಿತು. ಬೆಳೆದ ಕಾಫಿಯನ್ನೆಲ್ಲ ಕಾಫಿ ಮಂಡಳಿಯ ಪೂಲಿಗೆ ಒಪ್ಪಿಸಬೇಕು, ಮಂಡಳಿ ಹರಾಜು ಹಾಕಿ ಕಂತುಕಂತಾಗಿ ಹಣ ಕೊಡುತ್ತದೆ. ಮುಳುಗುತ್ತಿದ್ದ ಬೆಳೆಗಾರನನ್ನು ಆ ಪದ್ಧತಿ ಉಳಿಸಿತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅರ್ಧ ಶತಮಾನ ನಡೆದ ಆ ಪದ್ಧತಿಯಲ್ಲಿ ಬೆಳೆಗಾರನ ಕೈಗೆ ಬರುತ್ತಿದ್ದ ಲೆಕ್ಕ ಕಾಳಿನ ಗಾತ್ರ, ಬಣ್ಣ, ಒಡಕು, ತೂಕಗಳದು. ಗ್ರೇಡಿನ ವ್ಯತ್ಯಾಸ ಬಿಟ್ಟರೆ, ಹಣ್ಣನ್ನೇ ಆರಿಸಿ ಕೊಯ್ದವನ ಕಾಫಿಯೂ ಕಾಯಿ ಹಣ್ಣು ಒಟ್ಟಿಗೆ ಉದುರಿಸಿದವನ ಕಾಫಿಯೂ ಒಂದೇ ರಾಶಿಗೆ ಬೀಳುತ್ತಿದ್ದವು. ಲೋಟದಲ್ಲಿ ತನ್ನ ಕಾಫಿ ಹೇಗಿರುತ್ತದೆ ಎಂದು ತಿಳಿಯುವ ಅಗತ್ಯ ತೋಟದವನಿಗೆ ಬೀಳಲೇ ಇಲ್ಲ. ಒಳ್ಳೆಯ ಪಾರ್ಚ್‌ಮೆಂಟ್ ಕಾಫಿ ಲಾರಿ ಹತ್ತಿ ಹೋಗುತ್ತಿತ್ತು, ಮನೆಯಲ್ಲಿ ಉಳಿದ ಕರಿ ಬೀಜ, ಒಡಕು ಬೀಜವನ್ನು ಕಪ್ಪಗೆ ಹುರಿದು ಚಿಕೋರಿ ಬೆರೆಸಿ ಕುಡಿಯುತ್ತಿದ್ದೆವು. ಆ ರುಚಿಯನ್ನೇ ಕಾಫಿಯ ರುಚಿ ಎಂದುಕೊಂಡು ಒಂದು ತಲೆಮಾರು ಬೆಳೆಯಿತು. ಈಗಲೂ ಹಳ್ಳಿಯ ಕಾಫಿ ವ್ಯಾಪಾರ ನಡೆಯುವುದು ಮೂಟೆಯಿಂದ ಎಷ್ಟು ಬೀಜ ಸಿಗುತ್ತದೆಂಬ ಔಟ್‌ಟರ್ನ್ ಮತ್ತು ತೇವಾಂಶದ ಮೇಲೆ, 50 ಕಿಲೋ ಮೂಟೆಗೆ ಇಷ್ಟು ಎಂದು. ಆ ಲೆಕ್ಕದಲ್ಲಿ ನಾಲಿಗೆಗೆ ಕೆಲಸವಿಲ್ಲ.

ತೊಂಬತ್ತರ ದಶಕದಲ್ಲಿ ಮೊದಲು ಸ್ವಲ್ಪ ಪಾಲನ್ನು ಹೊರಗೆ ಮಾರಲು ಬಿಟ್ಟು, 1996ರ ಹೊತ್ತಿಗೆ ಪೂಲನ್ನು ಪೂರ್ತಿ ಕೈಬಿಟ್ಟರು. ಬೆಳೆಗಾರ ಮಾರುಕಟ್ಟೆಯ ಎದುರು ತಾನೇ ನಿಲ್ಲಬೇಕಾಯಿತು. ಆಗ ಕೊಡಗಿನ ತೋಟಗಳಿಗೆ ಹೊಸದಾಗಿ ಬಂದ ಮಾತು ಕಪ್ಪಿಂಗ್, ಅಂದರೆ ಕಾಫಿಯನ್ನು ರುಚಿ ನೋಡಿ ಅಂಕ ಕೊಡುವುದು. ಮಂಡಳಿಯ ಗುಣಮಟ್ಟ ವಿಭಾಗದಲ್ಲಿ ಬಹುಕಾಲ ಕೆಲಸ ಮಾಡಿ ಆಮೇಲೆ ಬೆಂಗಳೂರಿನಲ್ಲಿ ಕಾಫಿಲ್ಯಾಬ್ ಕಟ್ಟಿದ ಸುನಾಲಿನಿ ಮೆನನ್ ಅವರ ಹೆಸರು ಬೆಳೆಗಾರರ ಬಾಯಲ್ಲಿ ಓಡಾಡತೊಡಗಿದ್ದು ಆ ವರ್ಷಗಳಲ್ಲಿ. 2002ರಿಂದ ಮಂಡಳಿಯೇ ‘ಫ್ಲೇವರ್ ಆಫ್ ಇಂಡಿಯಾ’ ಸ್ಪರ್ಧೆ ನಡೆಸಿತು. ಕಪ್ಪಿಂಗ್ ಮೇಜಿನ ಕೆಲಸ ನೋಡಲು ಸರಳ. 150 ಮಿಲಿಲೀಟರ್ ನೀರಿಗೆ 8.25 ಗ್ರಾಂ ಪುಡಿ, ನೀರಿನ ಬಿಸಿ 93 ಡಿಗ್ರಿ ಸೆಲ್ಸಿಯಸ್, ಒಂದೇ ಕಾಫಿಯ ಐದು ಬಟ್ಟಲು. ನಾಲ್ಕು ನಿಮಿಷದಲ್ಲಿ ಪುಡಿ ಮೇಲೆ ಬಂದು ಕಂದು ಹೊದಿಕೆಯಾಗಿ ಕೂರುತ್ತದೆ. ಮೂಗನ್ನು ಬಟ್ಟಲಿನ ಅಂಚಿಗೆ ತಂದು ಚಮಚದ ಬೆನ್ನಿನಿಂದ ಅದನ್ನು ಒಡೆದಾಗ ಅಡಗಿದ್ದ ಹಬೆ ಒಮ್ಮೆಲೇ ಎದ್ದು ಬರುತ್ತದೆ. ಆ ಕ್ಷಣದ ವಾಸನೆ ಇನ್ನೊಮ್ಮೆ ಸಿಗುವುದಿಲ್ಲ. ಆಮೇಲೆ ನೊರೆ ತೆಗೆದು, ಆರಲು ಬಿಟ್ಟು, ಚಮಚದಿಂದ ಸುರ್ರೆಂದು ಎಳೆದು ಉಗುಳುವುದು, ಬಿಸಿಯಲ್ಲೊಮ್ಮೆ, ಉಗುರುಬೆಚ್ಚಗೊಮ್ಮೆ, ತಣ್ಣಗಾದ ಮೇಲೊಮ್ಮೆ. ಆಗಿನ ಅಂಕಪಟ್ಟಿಯಲ್ಲಿ ಹತ್ತು ಗುಣಗಳಿಗೆ ಹತ್ತು ಹತ್ತು ಅಂಕ, ಒಟ್ಟು ನೂರು. 80 ಮುಟ್ಟಿದರೆ ಸ್ಪೆಷಾಲಿಟಿ.

ಆದರೆ ಕೊಡಗಿನವರು ಆ ಮೇಜಿನಿಂದ ಮನೆಗೆ ತಂದದ್ದು 80 ಎಂಬ ಸಂಖ್ಯೆಯನ್ನಲ್ಲ, ಅದರ ಪಕ್ಕದಲ್ಲಿ ಬರೆದಿದ್ದ ದೂರುಗಳನ್ನು. ಹುಳಿತ ವಾಸನೆ ಎಂದಿದ್ದರೆ ಕೊಯ್ದ ಹಣ್ಣು ರಾತ್ರಿಯಿಡೀ ರಾಶಿಯಲ್ಲಿ ಕೂತಿದೆ, ಇಲ್ಲವೇ ತೊಟ್ಟಿಯಲ್ಲಿ ಹೊತ್ತು ಮೀರಿದೆ. ಮಣ್ಣಿನ ವಾಸನೆ ಎಂದಿದ್ದರೆ ಕಣದ ನೆಲ ನೋಡಿಕೊಳ್ಳಬೇಕು. ಬೂಸ್ಟು ಎಂದಿದ್ದರೆ ಒಣಗುವ ಮುಂಚೆ ಚೀಲ ತುಂಬಿದ್ದಾರೆ. ಹಸಿ ಒಗರು ಎಂದಿದ್ದರೆ ಕಾಯಿ ಕೊಯ್ದಿದ್ದಾರೆ. ಹೀಗೆ ಪ್ರತಿ ದೂರಿಗೂ ತೋಟದಲ್ಲೊಂದು ಜಾಗವಿತ್ತು, ಆ ಜಾಗದಲ್ಲೊಬ್ಬ ಮನುಷ್ಯನಿದ್ದ, ಅವನಿಗೆ ಹೇಳಿದರೆ ಮುಂದಿನ ವರ್ಷ ಸರಿಹೋಗುತ್ತಿತ್ತು. ನಾನು ಅಂಕ ಎನ್ನುವುದು ಇದನ್ನೇ. ಇದಕ್ಕಿಂತ ಒಳ್ಳೆಯ ಸಾಕ್ಷಿ ರೋಬಸ್ಟಾ. ಕೊಡಗಿನಲ್ಲಿ ಅರೇಬಿಕಾಕ್ಕಿಂತ ರೋಬಸ್ಟಾವೇ ಹೆಚ್ಚು. ಜಗತ್ತು ಅದನ್ನು ಸುಟ್ಟ ರಬ್ಬರಿನ ವಾಸನೆಯ, ಬರೀ ಕಹಿಯ, ಮಿಶ್ರಣಕ್ಕಷ್ಟೇ ಆಗಿಬರುವ ಕಾಫಿ ಎಂದು ಬದಿಗಿಟ್ಟಿತ್ತು. ಅರೇಬಿಕಾಕ್ಕೆಂದು ಮಾಡಿದ ಅಂಕಪಟ್ಟಿಯಲ್ಲಿ ಅದು ಗೆಲ್ಲುವಂತೆಯೇ ಇರಲಿಲ್ಲ. ಹಣ್ಣು ಆರಿಸಿ, ಪಲ್ಪ್ ಮಾಡಿ, ತೊಳೆದು ಒಣಗಿಸಿದ ರೋಬಸ್ಟಾಕ್ಕೆ ‘ಕಾಪಿ ರಾಯಲ್’ ಎಂದು ಹೆಸರಿಟ್ಟು ಮಾರಿದ ಮೇಲೆ, ಮುಂದೆ ಉತ್ತಮ ರೋಬಸ್ಟಾಕ್ಕೆಂದೇ ಬೇರೆ ಅಂಕಪಟ್ಟಿ ಬಂದ ಮೇಲೆ ನೋಟ ಬದಲಾಯಿತು. ಆ ಪಟ್ಟಿಯಲ್ಲಿ ಕಹಿಗೂ ಸಿಹಿಗೂ ಇರುವ ಪ್ರಮಾಣಕ್ಕೇ ಒಂದು ಕಲಮು ಇದೆ. ಕಹಿ ಎಷ್ಟಿದೆ ಎಂದು ಅದು ಕೇಳುವುದಿಲ್ಲ, ಕಹಿಗೆ ಎದುರಾಗಿ ಸಿಹಿ ನಿಂತಿದೆಯೇ ಎಂದು ಕೇಳುತ್ತದೆ. ಕೈಪುಳಿ ಪಜ್ಜಿ ಮಾಡುವವರು ಕೇಳುವುದೂ ಅದನ್ನೇ, ಐಪಿಎಗೆ ಅಂಕ ಕೊಡುವವನು ಕೇಳಬೇಕಾದದ್ದೂ ಅದನ್ನೇ.

ಬಿಯರಿಗೂ ಅಂಥ ಪಟ್ಟಿ ಇಲ್ಲದಿಲ್ಲ. ಅಮೆರಿಕದಲ್ಲಿ 1985ರಲ್ಲಿ ಶುರುವಾದ ಬಿಜೆಸಿಪಿ ಎಂಬ ತೀರ್ಪುಗಾರರ ಸಂಸ್ಥೆಯ ಹಾಳೆಯಲ್ಲಿ ಒಟ್ಟು 50 ಅಂಕ: ಪರಿಮಳಕ್ಕೆ 12, ನೋಟಕ್ಕೆ 3, ರುಚಿಗೆ 20, ಬಾಯಿಗೆ ಸಿಗುವ ಮೈಕಟ್ಟಿಗೆ 5, ಒಟ್ಟು ಅಭಿಪ್ರಾಯಕ್ಕೆ 10. ಇದಕ್ಕೂ ಮೊದಲು, ಎಪ್ಪತ್ತರ ದಶಕದಲ್ಲಿ, ಮಾರ್ಟನ್ ಮೈಲ್‌ಗಾರ್ಡ್ ಎಂಬ ವಿಜ್ಞಾನಿ ಬಿಯರಿನ ರುಚಿಗಳನ್ನೆಲ್ಲ ಒಂದು ಚಕ್ರದಲ್ಲಿ ಜೋಡಿಸಿಟ್ಟಿದ್ದರು. ಇಲ್ಲಿನ ದೂರುಗಳೂ ಕಾರಣಕ್ಕೆ ಕೊಂಡೊಯ್ಯುವಂಥವೇ. ಒದ್ದೆ ರಟ್ಟಿನ ವಾಸನೆ ಬಂದರೆ ಆಮ್ಲಜನಕ ಸೇರಿದೆ ಅಥವಾ ಬಿಯರ್ ಹಳತಾಗಿದೆ. ಬೆಣ್ಣೆಯ ವಾಸನೆ ಬಂದರೆ ಯೀಸ್ಟಿಗೆ ಅದರ ಕೆಲಸ ಮುಗಿಸಲು ಬಿಡದೆ ಅವಸರ ಮಾಡಿದ್ದಾರೆ. ಹಸಿ ಸೇಬಿನ ವಾಸನೆಗೂ ಹೆಚ್ಚಾಗಿ ಅದೇ ಕಾರಣ. ಹುಲ್ಲಿನ ಒಗರು ಬಂದರೆ ಹಾಪನ್ನು ಬಿಯರಿನಲ್ಲಿ ಬೇಕಾದ್ದಕ್ಕಿಂತ ಹೆಚ್ಚು ದಿನ ನೆನೆಸಿದ್ದಾರೆ. ನಾರುಬೆಕ್ಕಿನಂಥ ದುರ್ಗಂಧ ಬಂದರೆ ಬೆಳಕು ತಾಗಿದೆ. ಹಾಪಿನ ಕಹಿಯೇ ಬೆಳಕಿನಲ್ಲಿ ಒಡೆದು ಗಂಧಕದ ಸಂಯುಕ್ತವಾಗುತ್ತದೆ, ಹಸಿರು ಬಾಟಲಿಯಲ್ಲಿ ಬೇಗ, ಕಂದು ಬಾಟಲಿಯಲ್ಲಿ ನಿಧಾನವಾಗಿ, ಕ್ಯಾನಿನಲ್ಲಿ ಇಲ್ಲವೇ ಇಲ್ಲ. ನೊರೆಯೂ ಸುಳಿವು ಕೊಡುತ್ತದೆ. ಕುದಿಸಿದ ಹಾಪಿನ ಕಹಿ ಮಾಲ್ಟಿನ ಪ್ರೋಟೀನಿಗೆ ಅಂಟಿಕೊಂಡು ನೊರೆಯನ್ನು ನಿಲ್ಲಿಸುವುದರಿಂದ, ಶುದ್ಧವಾದ ಗಾಜಿನಲ್ಲಿ ಪ್ರತಿ ಗುಟುಕಿಗೂ ಒಂದೊಂದು ಬಿಳಿ ಉಂಗುರ ಉಳಿಯುತ್ತಾ ಹೋಗುತ್ತದೆ. ಉಳಿಯದಿದ್ದರೆ ಬೈಯಬೇಕಾದದ್ದು ಬಿಯರನ್ನೋ ಲೋಟ ತೊಳೆದವನನ್ನೋ ಎಂದು ಮೊದಲು ನೋಡಬೇಕು. ನಮ್ಮ ಹೋಟೆಲುಗಳಲ್ಲಿ ಹೆಚ್ಚಾಗಿ ಎರಡನೆಯದೇ.

ಬಿಯರ್ ಲೋಟದ ತನಕ ಸಾಗಿಬರುವ ದಾರಿಯ ವಿಷಯಕ್ಕೆ ಬಂದರೆ ಕೊಡಗಿನವನಿಗೆ ಇನ್ನೂ ಒಂದು ಅನುಕೂಲವಿದೆ. ಇಂಡಿಯಾ ಪೇಲ್ ಏಲ್ ಎಂಬುದರ ಹುಟ್ಟಿನ ಬಗ್ಗೆ ಎಲ್ಲರೂ ಹೇಳುವ ಕತೆ ಹೀಗಿದೆ: ಭಾರತದಲ್ಲಿದ್ದ ಬ್ರಿಟಿಷರಿಗೆಂದು ಲಂಡನ್ನಿನ ಬೋ ಎಂಬಲ್ಲಿ ಹಾಡ್ಜ್‌ಸನ್ ಎಂಬಾತ ಹಡಗಿನಲ್ಲಿ ಕೆಡದಿರಲೆಂದು ಹಾಪ್ ಸುರಿದು ಹೊಸ ಬಿಯರ್ ಕಂಡುಹಿಡಿದ. ಬಿಯರ್ ಇತಿಹಾಸಕಾರರು ಇದನ್ನು ಒಪ್ಪುವುದಿಲ್ಲ. ಹಾಪ್ ಹೆಚ್ಚು ಹಾಕಿ ದಾಸ್ತಾನಿಡುವ ಬಿಯರುಗಳು ಇಂಗ್ಲೆಂಡಿನಲ್ಲಿ ಮೊದಲೇ ಇದ್ದವು, ಗುಡ್‌ಹೋಪ್ ಭೂಶಿರ ಸುತ್ತಿಬರುವ ನಾಲ್ಕೈದು ತಿಂಗಳ ಪ್ರಯಾಣದಲ್ಲಿ ಅವು ಹದವಾಗಿ ಮಾಗಿದವು, 1820ರ ದಶಕದಲ್ಲಿ ಬರ್ಟನ್ ಊರಿನ ಆಲ್ಸಪ್ ಮೊದಲಾದವರು ಆ ವ್ಯಾಪಾರಕ್ಕೆ ಇಳಿದರು, ಹೆಸರು ಬಂದದ್ದು ಆಮೇಲೆ. ಇದನ್ನು ಓದುವಾಗ ನಮ್ಮ ಕರಾವಳಿಯ ಮಾನ್ಸೂನ್ಡ್ ಮಲಬಾರ್ ಕಾಫಿ ನೆನಪಾಗದಿರದು. ಹಾಯಿಹಡಗಿನ ತೇವದಲ್ಲಿ ತಿಂಗಳುಗಟ್ಟಲೆ ಕೂತ ಬೀಜ ಊದಿ ಬಿಳಿಚಿಕೊಂಡು, ಹುಳಿ ಕಳೆದುಕೊಂಡು, ಬೇರೆಯೇ ರುಚಿಯಾಗುತ್ತಿತ್ತು. ಸೂಯೆಜ್ ಕಾಲುವೆ ತೆರೆದು ದಾರಿ ಹತ್ತಿರವಾದ ಮೇಲೆ ಯುರೋಪಿನ ಗಿರಾಕಿಗಳು ಹಳೆಯ ರುಚಿಯನ್ನೇ ಕೇಳಿದ್ದರಿಂದ, ಮಂಗಳೂರಿನ ಗೋದಾಮುಗಳಲ್ಲಿ ಮಳೆಗಾಲದ ಗಾಳಿಗೆ ಬೀಜವನ್ನು ಹರಡಿ ಅದೇ ಬದಲಾವಣೆಯನ್ನು ಬೇಕೆಂದೇ ತರಿಸಿದರು. ಎರಡೂ ಕಡೆ ದಾರಿಯೇ ರುಚಿಯ ಒಂದು ಭಾಗವಾಯಿತು. ಆದರೆ ಇವತ್ತಿನ ಐಪಿಎಗೆ ದಾರಿ ಶತ್ರು. ಹಿಂದಿನದು ಮಾಗಿಸಿ ಕುಡಿಯುವ ಬಿಯರು, ಈಗಿನದು ಹೊಸತಿರುವಾಗಲೇ ಕುಡಿಯಬೇಕಾದದ್ದು. ಹಾಪಿನ ಪರಿಮಳ ವಾರವಾರಕ್ಕೂ ಇಳಿಯುತ್ತದೆ, ಸೆಕೆಯಲ್ಲಿಟ್ಟರೆ ಇನ್ನೂ ಬೇಗ. ಕಹಿ ಮಾತ್ರ ಅಷ್ಟು ಸುಲಭವಾಗಿ ಹೋಗುವುದಿಲ್ಲ. ಹಾಗಾಗಿ ಡಿಪೋ, ಲಾರಿ, ಅಂಗಡಿಯ ಅಟ್ಟ ಎಲ್ಲ ದಾಟಿ ಬೆಟ್ಟ ಹತ್ತಿದ ಬಾಟಲಿಯಲ್ಲಿ ಪರಿಮಳ ಸತ್ತು ಕಹಿಯೊಂದೇ ಉಳಿದಿದ್ದರೆ ಆಶ್ಚರ್ಯವಿಲ್ಲ. ‘ವಿಪರೀತ ಕಹಿ’ ಎಂದವನು ಬಹುಶಃ ನಿಜವನ್ನೇ ಹೇಳಿದ್ದಾನೆ, ಆದರೆ ಕಾರಣ ಗೊತ್ತಿಲ್ಲದೆ ಹೇಳಿದ್ದಾನೆ. ಬೆಂಗಳೂರಿನಲ್ಲಿ 2011ರಲ್ಲಿ ಲ್ಯಾವೆಲ್ ರಸ್ತೆಯ ಬಿಯರ್ ಕ್ಲಬ್‌ನಿಂದ ಮೊದಲಾದ ಮೈಕ್ರೊಬ್ರೂವರಿಗಳಲ್ಲಿ, ಇಂದಿರಾನಗರದ ಟಾಯ್ಟ್‌ನಲ್ಲಿ, ಮರುವರ್ಷ ಮ್ಯಾಗ್ರತ್ ರಸ್ತೆಯಲ್ಲಿ ಬಂದ ಆರ್ಬರ್‌ನಲ್ಲಿ ಜನ ಕಹಿ ಬಿಯರಿಗೆ ಒಗ್ಗಿಕೊಂಡದ್ದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ. ಅಲ್ಲಿ ಟ್ಯಾಂಕಿಗೂ ಲೋಟಕ್ಕೂ ನಡುವೆ ಇರುವುದು ಒಂದು ಗೋಡೆ.

ಇಷ್ಟೆಲ್ಲ ಏಕೆ, ರುಚಿ ಅವರವರದು, ಇದರಲ್ಲಿ ಅಂಕವೆಂಬುದೇ ಢೋಂಗಿ ಎನ್ನುವವರಿದ್ದಾರೆ, ಅವರ ಕೈಯಲ್ಲಿ ಆಧಾರವೂ ಇದೆ. ಕ್ಯಾಲಿಫೋರ್ನಿಯಾದ ವೈನ್ ಸ್ಪರ್ಧೆಯೊಂದರಲ್ಲಿ ಒಂದೇ ಬಾಟಲಿಯ ವೈನನ್ನು ತೀರ್ಪುಗಾರರಿಗೆ ಗೊತ್ತಾಗದಂತೆ ಮೂರು ಸಲ ಕೊಟ್ಟು ನೋಡಿದ ರಾಬರ್ಟ್ ಹಾಡ್ಜ್‌ಸನ್ 2008ರಲ್ಲಿ ಪ್ರಕಟಿಸಿದ ಫಲಿತಾಂಶದ ಪ್ರಕಾರ, ಮೂರೂ ಸಲ ಹೆಚ್ಚುಕಡಿಮೆ ಒಂದೇ ಅಂಕ ಕೊಟ್ಟವರು ಹತ್ತರಲ್ಲಿ ಒಬ್ಬರು. (ಬೋ ಊರಿನ ಹಾಡ್ಜ್‌ಸನ್ನನಿಗೂ ಇವರಿಗೂ ಹೆಸರಿನ ಹೋಲಿಕೆ ಕಾಕತಾಳೀಯ.) ಫ್ರಾನ್ಸಿನ ಬೋರ್ಡೊದಲ್ಲಿ ಫ್ರೆಡರಿಕ್ ಬ್ರೋಷೆ ಬಿಳಿ ವೈನಿಗೆ ಕೆಂಪು ಬಣ್ಣ ಬೆರೆಸಿ 54 ವಿದ್ಯಾರ್ಥಿಗಳಿಗೆ ಕೊಟ್ಟಾಗ ಅವರು ಅದನ್ನು ಕೆಂಪು ವೈನಿನ ಮಾತುಗಳಲ್ಲೇ ಬಣ್ಣಿಸಿದರು. ಕಹಿಯ ವಿಷಯದಲ್ಲಂತೂ ಹುಟ್ಟಿನಿಂದಲೇ ವ್ಯತ್ಯಾಸ. ಮನುಷ್ಯನಲ್ಲಿ ಸುಮಾರು 25 ಬಗೆಯ ಕಹಿ ಗ್ರಾಹಕಗಳಿದ್ದು, ಕೆಲವು ಕಹಿಗಳು ಒಬ್ಬನಿಗೆ ತೀಕ್ಷ್ಣವಾಗಿ ತಾಗಿದರೆ ಇನ್ನೊಬ್ಬನಿಗೆ ತಾಗುವುದೇ ಇಲ್ಲ. ಇದನ್ನೆಲ್ಲ ನಾನು ಅಲ್ಲಗಳೆಯುವುದಿಲ್ಲ. ಆದರೆ ಇವೆಲ್ಲ ಅಂಕ ಕೊಡುವ ರೀತಿಯನ್ನು ಬಿಗಿ ಮಾಡಬೇಕೆಂಬುದಕ್ಕೆ ಆಧಾರವಾಗುತ್ತವೆ, ಕೈಬಿಡಬೇಕೆಂಬುದಕ್ಕಲ್ಲ. ಕಪ್ಪಿಂಗ್ ಮೇಜಿನ ಮೇಲೆ ಐದು ಬಟ್ಟಲಿಡುವುದು, ತೋಟದ ಹೆಸರು ಮುಚ್ಚಿಡುವುದು, ನಾಲ್ಕಾರು ಜನ ಮಾತಾಡದೆ ಬರೆದು ಆಮೇಲೆ ಹೋಲಿಸುವುದು ಈ ಭಯದಿಂದಲೇ. ತೇವಾಂಶದ ಮೀಟರು ಒಂದೊಂದು ಮಂಡಿಯಲ್ಲಿ ಒಂದೊಂದು ತೋರಿಸುತ್ತದೆಂದು ಯಾರೂ ಒದ್ದೆ ಕಾಫಿಯನ್ನು ಒಣ ಕಾಫಿಯ ಬೆಲೆಗೆ ಕೊಳ್ಳುವುದಿಲ್ಲ, ಎರಡು ಸಲ ಹಿಡಿದು ನೋಡುತ್ತಾರೆ. ಇನ್ನೊಂದು ಮಾತು. ತಪ್ಪುವುದು ಹೆಚ್ಚಾಗಿ ಇದು 88, ಇದು 91 ಎಂಬ ಕೂದಲು ಸೀಳುವ ಜಾಗದಲ್ಲಿ. ರಟ್ಟಿನ ವಾಸನೆ, ಬೆಣ್ಣೆ ವಾಸನೆ, ಬೂಸ್ಟು ಇದೆಯೋ ಇಲ್ಲವೋ ಎಂಬುದನ್ನು ಸ್ವಲ್ಪ ಅಭ್ಯಾಸವಿರುವ ಯಾರಾದರೂ ಹೇಳಬಲ್ಲರು, ಮತ್ತು ಕೆಲಸಕ್ಕೆ ಬರುವುದು ಅದೇ.

ಅಂಕಗಳು ಬಿಯರನ್ನು ಕೆಡಿಸಿವೆ ಎಂಬ ದೂರು ನನಗೆ ಇದಕ್ಕಿಂತ ಗಟ್ಟಿಯಾಗಿ ಕಾಣುತ್ತದೆ. ಜನ ನಕ್ಷತ್ರ ಕೊಡತೊಡಗಿದ ಮೇಲೆ ಪಟ್ಟಿಯ ತುದಿಗೆ ಏರಿದ್ದು ಅತಿ ಕಹಿಯ, ಅತಿ ಗಟ್ಟಿಯ, ಅತಿ ದಪ್ಪದ ಬಿಯರುಗಳೇ. ಎರಡು ಗುಟುಕಿನಲ್ಲಿ ಬೆರಗುಗೊಳಿಸುವುದಕ್ಕೂ ಊಟದ ಜೊತೆ ಒಂದು ಲೋಟ ಹಿತವಾಗಿ ಮುಗಿಸುವುದಕ್ಕೂ ವ್ಯತ್ಯಾಸವಿದೆ, ನಕ್ಷತ್ರ ಒತ್ತುವವನು ಮೊದಲನೆಯದಕ್ಕೆ ಮರುಳಾಗುತ್ತಾನೆ. ಅಮೆರಿಕದಲ್ಲಿ ಈ ಶತಮಾನದ ಆರಂಭದಲ್ಲಿ ಐಬಿಯು ಏರಿಸುವ ಪೈಪೋಟಿಯೇ ನಡೆದು, ಬೇಸತ್ತ ಜನ ಆಮೇಲೆ ಕಹಿ ಕಡಿಮೆಯ ಮಬ್ಬು ಐಪಿಎಯ ಕಡೆ ತಿರುಗಿದರು. ದೂರು ನಿಜ, ಆದರೆ ಅದು ನಕ್ಷತ್ರದ ಮೇಲಿನ ದೂರು. ಬಿಡಿಬಿಡಿಯಾಗಿ ಅಂಕ ಹಾಕುವ ಹಾಳೆಯಲ್ಲಿ ಬರೀ ಕಹಿಯಿಂದ ಗೆಲ್ಲುವುದು ಕಷ್ಟ, ಅಲ್ಲಿ ಆಯಾ ಶೈಲಿಗೆ ತಕ್ಕಷ್ಟಿದೆಯೇ ಎಂಬುದೇ ಮೊದಲ ಪ್ರಶ್ನೆ. ಕಹಿ ನಾಲಿಗೆಯಲ್ಲಿ ಕೂಡುತ್ತಾ ಹೋಗುವುದರಿಂದ ಒಂದಾದ ಮೇಲೊಂದು ಐಪಿಎ ಕುಡಿದು ಅಂಕ ಕೊಡುವವನ ನಾಲ್ಕನೆಯ ಅಂಕವನ್ನು ನಂಬಬಾರದು. ಪಂದಿಕರಿಯ ಜೊತೆ ಕುಡಿದು ಕೊಟ್ಟ ಅಂಕವನ್ನಂತೂ ನಂಬಲೇಬಾರದು. ಕಾಚಂಪುಳಿಯ ಹುಳಿ, ಕಾಳುಮೆಣಸಿನ ಖಾರದ ಎದುರು ಹಾಪಿನ ಕಹಿ ಇನ್ನಷ್ಟು ಚುಚ್ಚುತ್ತದೆ. ಪಂದಿಕರಿಗೆ ಮಾಲ್ಟ್ ಮುಂದಿರುವ ಬಿಯರೇ ವಾಸಿ ಎಂಬುದು ನನ್ನ ಅಭಿಪ್ರಾಯ, ಜಗಳಕ್ಕೆ ಬರುವವರು ಬರಬಹುದು.

ಹಾಪ್ ನಮ್ಮದಲ್ಲವಲ್ಲ, ಅದರ ಬಗ್ಗೆ ಕೊಡಗು ಏಕೆ ತಲೆ ಕೆಡಿಸಿಕೊಳ್ಳಬೇಕು ಎಂದರೆ, ನಿಜ, ಅದು ಇಲ್ಲಿ ಬೆಳೆಯುವುದಿಲ್ಲ. ವಾಣಿಜ್ಯ ಬೆಳೆಯಾಗಿ ಹಾಪ್ ಇರುವುದು ಬಹುಮಟ್ಟಿಗೆ 35ರಿಂದ 55ನೇ ಅಕ್ಷಾಂಶದ ನಡುವೆ, ಬೇಸಿಗೆಯ ಹಗಲು ಬಹಳ ಉದ್ದವಿರುವಲ್ಲಿ. ಮಡಿಕೇರಿಯ ಅತಿ ಉದ್ದದ ಹಗಲು 13 ಗಂಟೆಯನ್ನೂ ಮುಟ್ಟುವುದಿಲ್ಲ. ನಮ್ಮ ದೇಶದಲ್ಲಿ ಅದು ಹಿಡಿದ ಜಾಗ ಹಿಮಾಚಲದ ಲಾಹೌಲ್ ಕಣಿವೆ. ಆದರೆ ಕಾಫಿಯೂ ನಮ್ಮದಾಗಿರಲಿಲ್ಲ. ಇನ್ನು, ಕುಡಿತದಿಂದ ಮನೆಗಳು ಹಾಳಾಗುವ ಜಿಲ್ಲೆಯಲ್ಲಿ, ತೋಟ ಕಾರ್ಮಿಕರ ಲೈನ್ ಮನೆಗಳಲ್ಲಿ ವಾರದ ಬಟವಾಡೆ ಎಲ್ಲಿ ಹೋಗುತ್ತದೆಂದು ಗೊತ್ತಿರುವಲ್ಲಿ, ಬಿಯರಿನ ಪರಿಮಳದ ಚರ್ಚೆ ಉಳ್ಳವರ ಶೋಕಿ ಎನ್ನುವ ಆಕ್ಷೇಪಕ್ಕೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ರುಚಿ ನೋಡುವುದು ಕಲಿತವನು ಕಡಿಮೆ ಕುಡಿಯುತ್ತಾನೆ ಎಂಬ ಸಮಾಧಾನದ ಮಾತನ್ನು ನಾನು ಆಡಲಾರೆ. ಸಾರಾಯಿಯನ್ನು 2007ರಲ್ಲಿ ನಿಷೇಧಿಸಿದ ರಾಜ್ಯದಲ್ಲಿ ಕುಡಿತವೇನೂ ನಿಂತಿಲ್ಲ. ಹೇಳಬಹುದಾದದ್ದು ಇಷ್ಟೇ: ಕೊಳ್ಳುವವನು ತುಂಬಿದ ದಿನಾಂಕ ಕೇಳಿದರೆ, ಕೆಟ್ಟ ಮಾಲನ್ನು ಗುರುತಿಸಿದರೆ, ಅವನನ್ನು ಮೋಸಗೊಳಿಸುವುದು ಅಷ್ಟರಮಟ್ಟಿಗೆ ಕಷ್ಟವಾಗುತ್ತದೆ. ಕಾಫಿಯಲ್ಲಿ ನಮಗೆ ಆದದ್ದು ಅದೇ.

ಕೊನೆಗೆ ಬಿಜೆಸಿಪಿಯ ಹಾಳೆಯನ್ನೇ ತುಂಬಿ ನೋಡೋಣ. ಬಾಟಲಿಗೆ ತುಂಬಿ ಐದು ತಿಂಗಳಾದ, ಬಿಸಿ ಗೋದಾಮಿನಲ್ಲಿ ಕೂತು ಬಂದ, ಮೂಲತಃ ಒಳ್ಳೆಯದೇ ಆಗಿದ್ದ ಒಂದು ಐಪಿಎ ಎಂದಿಟ್ಟುಕೊಳ್ಳಿ. ಕಿತ್ತಳೆ ಸಿಪ್ಪೆಯ ವಾಸನೆ ಎಲ್ಲೋ ದೂರದಲ್ಲಿದೆ, ಜೇನು ಮತ್ತು ಒಣ ಕಾಗದದ ವಾಸನೆ ಮುಂದಿದೆ: ಪರಿಮಳಕ್ಕೆ 12ರಲ್ಲಿ 6. ಬಣ್ಣ ತಾಮ್ರ, ನೊರೆ ನಿಂತಿದೆ: ನೋಟಕ್ಕೆ 3. ರುಚಿಯಲ್ಲಿ ಮಾಲ್ಟ್ ಮಂಕು, ಕಹಿ ಒಂಟಿಯಾಗಿ ಉದ್ದಕ್ಕೂ ಎಳೆಯುತ್ತದೆ: 20ಕ್ಕೆ 11. ಮೈಕಟ್ಟಿಗೆ 4, ಒಟ್ಟು ಅಭಿಪ್ರಾಯಕ್ಕೆ 5. ಕೂಡಿಸಿದರೆ 29, ಆ ಸಂಸ್ಥೆಯ ಲೆಕ್ಕದಲ್ಲಿ ‘ಉತ್ತಮ’ ಎಂಬ ಮೆಟ್ಟಿಲು. ಅದೇ ಬಿಯರ್ ಟ್ಯಾಂಕಿನಿಂದ ನೇರ ಬಂದಿದ್ದರೆ ಪರಿಮಳಕ್ಕೆ 10, ರುಚಿಗೆ 16, ಒಟ್ಟು ಅಭಿಪ್ರಾಯಕ್ಕೆ 8 ಸಿಕ್ಕು 41 ಆಗುತ್ತಿತ್ತೆಂಬುದು ನನ್ನ ಅಂದಾಜು. ನಡುವಿನ 12 ಅಂಕ ಯಾರ ಲೆಕ್ಕಕ್ಕೆ? ಲೋಟದಲ್ಲಿ ಇರುವುದಕ್ಕೆ ಮಾತ್ರ ಅಂಕ ಕೊಡಬೇಕು, ಬಿಯರ್ ಮಾಡಿದವನ ಮೇಲಿನ ಕರುಣೆಗೆ ಕೊಡಬಾರದು. ಆದರೆ ಹಾಳೆಯ ಮೇಲ್ಭಾಗದಲ್ಲಿ ತುಂಬಿದ ದಿನಾಂಕವನ್ನೂ, ಎಲ್ಲಿ ಕೊಂಡದ್ದು, ಹೊರಗಿತ್ತೋ ಫ್ರಿಜ್ಜಿನಲ್ಲಿತ್ತೋ ಎಂಬುದನ್ನೂ ಬರೆಯಬೇಕು. ಹಾಗೆ ಬರೆದ ಹತ್ತಾರು ಹಾಳೆಗಳನ್ನು ಒಟ್ಟಿಗಿಟ್ಟು ನೋಡಿದರೆ ಅಂಕ ಸೋರಿಹೋಗುವುದು ಎಲ್ಲಿ ಎಂಬುದು ಅಂಗಡಿಯವನಿಗೂ ಕಾಣುತ್ತದೆ. ಬಾಟಲಿಯನ್ನು ಬಿಸಿಲು ಬೀಳುವ ಕಪಾಟಿನಿಂದ ತೆಗೆದು ಫ್ರಿಜ್ಜಿಗೆ ಸೇರಿಸಲು, ಹಳೆಯ ಕೇಸನ್ನು ಮೊದಲು ಖಾಲಿ ಮಾಡಿ ಹೊಸದನ್ನು ಆಮೇಲೆ ತರಿಸಲು ಅವನಿಗೆ ಬೇರೆ ಯಾವ ತರಬೇತಿಯೂ ಬೇಕಿಲ್ಲ.